ಎಡಗೈಗೆ ಒಲಿದ ಗಿಟಾರ್

"ನಿಲ್ಸಿ ಮೇಡಂ!"

ಗಿಟಾರ್ ಮಾಸ್ತರರ ದನಿಗೆ ಬೆಚ್ಚಿಬಿದ್ದು ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ತೊಂಬತ್ತರ ದಶಕದ ಕೊನೆ, ತುಮಕೂರಿನ ಆ ಕ್ಲಾಸಿನಲ್ಲಿ ನನ್ನ ಮೊದಲ ದಿನ. ನಲವತ್ತರ ಹತ್ತಿರವಿದ್ದ ನಾನು ಅರಿವಿಲ್ಲದೆ ಗಿಟಾರನ್ನು ತಿರುಗಿಸಿ ಹಿಡಿದು ಎಡಗೈಯಲ್ಲಿ ತಂತಿ ಮೀಟಿದ್ದೆ. ಹೆಬ್ಬೂರಿನಲ್ಲಿ ಚಿಕ್ಕವಳಿದ್ದಾಗ ಆ ಕೈಯಲ್ಲಿ ಬಳಪ ಹಿಡಿದರೆ ಅಜ್ಜಿ ಕೈಯನ್ನೇ ಬಟ್ಟೆಯಿಂದ ಬೆನ್ನ ಹಿಂದೆ ಕಟ್ಟುತ್ತಿದ್ದರು.

ಮಾಸ್ತರರು ಗಿಟಾರ್ ಕಿತ್ತುಕೊಂಡರು. ಪಕ್ಕದ ಕಾಲೇಜು ಹುಡುಗರು ನುಡಿಸುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಇನ್ನು ಮನೆಗೆ ಕಳಿಸುತ್ತಾರೆ ಎಂದು ಬ್ಯಾಗ್ ಎತ್ತಿಕೊಂಡೆ.

"ಎಲ್ಲಿಗ್ ಹೊರಟ್ರಿ? ಹಿಂಗ್ ತಿರುಗಿಸಿ ಹಿಡಿದ್ರೆ ತಂತಿ ಉಲ್ಟಾ ಆಗ್ತೈತೆ, ಹಿಂಗೇ ಕಲಿಯಕ್ಕಾಗಲ್ಲ. ಬಲಗೈ ರೂಢಿ ಮಾಡ್ಕೊಂಡ್ರೆ ಯಾರ್ ಗಿಟಾರ್ ಬೇಕಾದ್ರೂ ನುಡಿಸ್ಬೋದು. ಎಡಗೈನೇ ಅಂದ್ರೆ ತಂತಿ ಎಲ್ಲಾ ಬಿಚ್ಚಿ ತಿರುಗಿಸಿ ಕಟ್ಕೊಡ್ತೀನಿ, ಆಮೇಲೆ ನಿಮ್ದೊಂದೇ ನುಡಿಸಕ್ಕಾಗೋದು. ಯಾವ್ದು, ನೀವೇ ಹೇಳಿ."

ಸೆರಗಿನೊಳಗಿನ ಕೈಯನ್ನು ಮೆಲ್ಲಗೆ ಹೊರತೆಗೆದು ಮುಂದೆ ಚಾಚಿದೆ. ಅವರು ತಂತಿ ಬಿಚ್ಚತೊಡಗಿದರು.

ಬೇರೆಯವರ ಗಿಟಾರ್ ನನಗೆ ಇವತ್ತಿಗೂ ನುಡಿಸಲು ಬರುವುದಿಲ್ಲ. ಅದಕ್ಕೆ ಬೇಸರವೂ ಇಲ್ಲ. ಸಿಟ್ಟಿರುವುದು ಒಂದಕ್ಕೇ: ಯಾವ ಕೈ ಎಂದು ನನ್ನನ್ನು ಮೊದಲ ಸಲ ಕೇಳಿದವರು ಮನೆಯವರಲ್ಲ, ಗುರುತು ಪರಿಚಯವಿಲ್ಲದ ಒಬ್ಬರು.