ಎಂಟು ಪ್ಲೈಯ ಜೋಡಿ

ಎರಡು ಟೈರಿನ ಮೇಲೆ ನಾನು ಏಳು ಸಾವಿರ ಉಳಿಸಿದೆ. ಅದಕ್ಕೆ ತೆತ್ತದ್ದು ಹೆಂಡತಿಯ ಎಡ ಮೊಣಕಾಲು. ಕಾಲು ಇದೆ, ಮಡಚುವುದಿಲ್ಲ. ಹೇಗಾಯಿತು ಎಂದು ಕೇಳಿದವರಿಗೆ ಮೊದಮೊದಲು ರಸ್ತೆಯ ತಗ್ಗು ಎನ್ನುತ್ತಿದ್ದೆ. ತಗ್ಗೇನೂ ಇರಲಿಲ್ಲ. ಟೈರು ಮಾರಿದವನು ಹೇಳಿದ ಕಾಯ್ದೆಯನ್ನು ನಾನು ವ್ಯಾಪಾರದ ಮಾತು ಎಂದುಕೊಂಡಿದ್ದೆ, ಅಷ್ಟೆ.

ಬಾಡಿಗೆ ಎತ್ತಿನಿಂದ ಶುರು ಮಾಡಿ ಸ್ವಂತ ಟ್ರ್ಯಾಕ್ಟರು, ಎರಡು ಗಾಲಿಯ ಟ್ರೇಲರು ಮಾಡಿಕೊಂಡವನು ನಾನು. ಹೇಳಿದ ಬೆಲೆಯನ್ನು ಒಮ್ಮೆಯೂ ಕೊಟ್ಟವನಲ್ಲ. ಟ್ರೇಲರಿನ ಟೈರು ಸವೆದಾಗ ಅಣ್ಣಿಗೇರಿಯ ಟೈರಿನಂಗಡಿಗೆ ಹೋದೆ. ಅಂಗಡಿಯವನು ಎರಡು ಜೋಡಿ ಉರುಳಿಸಿ ತೋರಿಸಿದ. ಅಳತೆ ಒಂದೇ. ಒಂದು ಜೋಡಿ ಅಗ್ಗ. ಅದರ ಮೇಲೆ ಕೈಯಿಟ್ಟೆ.

“ಕಾಕಾ, ಅವು ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಬರ್ತಾವ್ರಿ. ಎಂಟು ಪ್ಲೈ ಅದಾವ, ಅಂದ್ರ ಎಂಟು ಪದರಿನ ತಾಕತ್ತು, ಹೇರು ತಡ್ಯಾಂಗಿಲ್ಲ. ನಿಮ್ಮ ಟ್ರೇಲರಿಗೆ ಕಾಯ್ದೆ ಪ್ರಕಾರ ಹದಿನಾರು ಪ್ಲೈನ ಹಾಕಬೇಕ್ರಿ.”

“ಕಾಯ್ದೆ ಬಂದು ನನ್ನ ಟ್ರೇಲರ್ ಜಗ್ಗತೈತೇನು? ತುಟ್ಟಿ ಮಾಲು ದಾಟಿಸಾಕ ಕಾಯ್ದೆ ಹೇಳಾಕತ್ತಿ.”

“ಎತ್ತು ತಗೊಳ್ಳಾಕ ಹೋದ್ರ ಬಾಯಿ ತಗಸಿ ಹಲ್ಲು ನೋಡ್ತೀರಿ. ಇದರ ಬಾಜೂಕ ಬರದದ್ದು ಓದಾಕ ಏನು ಧಾಡಿರಿ?”

ನಾನು ನಕ್ಕೆ. ಅವನು ನಗಲಿಲ್ಲ. “ಹಂಗಾರ ಟ್ರ್ಯಾಕ್ಟರ್ ಮುಂದಿನ ಟೈರ್ ಅಂತ ಬಿಲ್ಲಿನ್ಯಾಗ ಬರದ ಕೊಡ್ತೀನಿ,” ಎಂದ.

“ಬರಕೋ. ಇನ್ನೂರು ಕಡಿಮಿ ಮಾಡಿ ಬರಿ.”

ಬರೆದ.

ಕಡಲೆ ಮಾರುಕಟ್ಟೆಗೆ ಒಯ್ಯುವ ದಿನ ಬೆಳಿಗ್ಗೆ ಹೆಂಡತಿ ಬಸ್ಸಿಗೆ ಹೊರಟಿದ್ದಳು. “ಹೆಣ್ಣಮಕ್ಕಳಿಗೆ ಪುಕ್ಕಟೆ ಐತಿ, ಹಿಂದಿಂದ ಬರ್ತೀನಿ,” ಅಂದಳು. ತೂಕದ ಕಾಟಾದ ಮೇಲೆ ಅವಳ ಕಣ್ಣು ನನ್ನದಕ್ಕಿಂತ ಚುರುಕು. “ನೀ ಬರೂತನಕ ತೂಕ ಮುಗದಿರ್ತೈತಿ, ಹತ್ತು,” ಎಂದೆ. ಚೀಲಗಳ ಮೇಲೆ ಹತ್ತಿ ಕುಳಿತಳು. ಹೇರಿನ ಮೇಲೆ ಜನ ಕೂರಬಾರದೆಂಬುದೂ ಕಾಯ್ದೆಯೇ. ನಮ್ಮ ಕಡೆ ಎಲ್ಲರೂ ಕೂರುತ್ತಾರೆ.

ಅರ್ಧ ಹಾದಿಯಲ್ಲಿ ಎಡಗಡೆಯ ಟೈರು ಒಡೆಯಿತು. ಟ್ರೇಲರು ವಾಲಿತು, ಚೀಲಗಳು ಅವಳ ಸಮೇತ ಜಾರಿದವು. ಒಂದೊಂದಾಗಿ ಎತ್ತಿ ಬದಿಗಿಟ್ಟೆ. ಆರನೆಯ ಚೀಲದ ಕೆಳಗೆ ಅವಳ ಕಾಲಿತ್ತು. ಚೀಲ ಎಣಿಸಿದ್ದು ನೆನಪಿದೆ.

ಪಂಚನಾಮೆಗೆ ಬಂದ ಅಧಿಕಾರಿ ಮೊದಲು ಟೈರಿನ ಬದಿ ಓದಿದರು. ಆಮೇಲೆ ಬಿಲ್ಲು ಕೇಳಿದರು. ಟ್ರ್ಯಾಕ್ಟರ್ ಮುಂದಿನ ಟೈರ್ ಎಂದು ಬರೆದದ್ದನ್ನೇ ಕೊಟ್ಟೆ.

ಆಸ್ಪತ್ರೆಯಲ್ಲಿ ಹೆಂಡತಿ, “ಕಡ್ಲಿ ಎಲ್ಲಾ ತುಂಬಿಸಿದ್ರಿ?” ಎಂದಳು. ತುಂಬಿಸಿದೆ ಎಂದೆ.

“ಟೈರ್ ಎಷ್ಟಕ್ಕ ತಂದಿದ್ರಿ?”

ಹೇಳಿದೆ. “ಭಾಳ ಇಳಸೀರಿ,” ಅಂದು ಮುಖ ಗೋಡೆಯ ಕಡೆ ಹೊರಳಿಸಿದಳು.

ಈಗ ಅವಳು ನೆಲಕ್ಕೆ ಕೂತು ರೊಟ್ಟಿ ಬಡಿಯಲಾರಳು. ಒಲೆಯ ಬಾಜು ಎತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿದ್ದೇನೆ, ನಿಂತು ಬಡಿಯುತ್ತಾಳೆ. ಆ ಕಲ್ಲಿಗೆ ನಾನು ಚೌಕಾಸಿ ಮಾಡಲಿಲ್ಲ. ಮಾಡಿದ್ದರೆ ಮುನ್ನೂರು ಇಳಿಯುತ್ತಿತ್ತು.

ನೀವು ಟೈರು ಬದಲಿಸುವಾಗ ಟ್ರೇಲರಿನ ಕಾಗದಪತ್ರ, ಅದನ್ನು ಮಾಡಿದವರು ಹೊಡೆದ ತಗಡಿನ ಫಲಕ ಎರಡನ್ನೂ ನೋಡಿ, ಅಳತೆಯನ್ನೂ ಪ್ಲೈಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆಯ ಟೈರನ್ನು ನಂಬಬೇಡಿ, ಅದನ್ನೂ ನನ್ನಂಥವನೇ ಹಾಕಿಸಿರಬಹುದು. ಗಾಲಿಗೆ ಸರಿಯಾಗಿ ಕೂತಿತು ಎಂದರೆ ಹೇರು ಹೊರುತ್ತದೆ ಎಂದಲ್ಲ. ಐಎಸ್‌ಐ ಗುರುತು ಇರಲೇಬೇಕು. ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದದ್ದನ್ನು ತರಬೇಡಿ. ಇಷ್ಟೆಲ್ಲ ಓದಿದ ಮೇಲೆ ಬೆಲೆ ಇಳಿಸಿ, ಬೇಡ ಎನ್ನುವುದಿಲ್ಲ. ಮನೆಯವರನ್ನು ಮಾತ್ರ ಬಸ್ಸಿಗೆ ಕಳಿಸಿ. ತೂಕ ಕಾಯುತ್ತದೆ.