ಗೌಡರ ಕಟ್ಟೆಯ ಮೇಲೆ ಉಪವಾಸ

ಸ್ವಾತಂತ್ರ್ಯ ಬಂದ ಹೊಸತು. ಕೌಜಲಗಿ ಕಡೆಯ ಒಂದು ಹಳ್ಳಿಯಲ್ಲಿ ಊರ ಬಾವಿಯನ್ನು ಹರಿಜನ ಕೇರಿಯವರಿಗೂ ಬಿಡಬೇಕೆಂದು ನಾನು ಗೌಡರ ಮನೆಯ ಕಟ್ಟೆಯ ಮೇಲೆ ಉಪವಾಸ ಕುಳಿತೆ. ಬೈಗುಳಕ್ಕೆ, ಬಡಿಗೆಗೆ, ಎಲ್ಲಕ್ಕೂ ಸಿದ್ಧನಾಗಿದ್ದೆ. ಗೌಡರ ತಾಯಿಗೆ ಮಾತ್ರ ಸಿದ್ಧನಾಗಿರಲಿಲ್ಲ.

ಮುದುಕಿ ರೊಟ್ಟಿ, ಮೊಸರು ತಂದಿಟ್ಟಳು. ಒಲ್ಲೆ ಎಂದೆ.

"ಹಂಗಾರ ನಾನೂ ಉಣ್ಣಂಗಿಲ್ಲ ತಮ್ಮಾ. ಬಾಗಲದಾಗ ಒಬ್ಬಾಂವ ಹಸಕೊಂಡು ಕುಂತ್ರ ಈ ಮನಿ ಹಿರೇ ಹೆಂಗಸು ತುತ್ತು ಎತ್ತೂದಿಲ್ಲ. ನಮ್ಮತ್ತಿನೂ ಎತ್ತಿದ್ದಿಲ್ಲ."

ಬರೀ ಮಾತು ಅಂದುಕೊಂಡೆ. ಮರುದಿನ ಸಂಜೆಗೆ ಆಕೆ ನಿತ್ರಾಣಳಾಗಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ಗೌಡರು ನನ್ನ ಮುಂದೆ ಕೈಮುಗಿದು ನಿಂತರು.

"ಬಾವಿ ಇಡೀ ಊರಿಂದೈತ್ರಿ, ನನ್ನೊಬ್ಬನ ಕೈಯಾಗಿಲ್ಲ. ನಮ್ಮವ್ವನ ಜೀವ ಮಾತ್ರ ನಿಮ್ಮ ಕೈಯಾಗೈತಿ."

ನಾನು ಅಲುಗಲಿಲ್ಲ. ಕಡೆಗೆ ನನ್ನನ್ನು ಎಬ್ಬಿಸಿದ್ದು ಕೇರಿಯ ಯಲ್ಲವ್ವ. ಅಂಗಳದ ಆಚೆಯಿಂದಲೇ ಕೂಗಿದಳು: "ಏಳ್ರಿ ಅಣ್ಣಾರ, ಉಣ್ರಿ. ಆ ಮುದುಕಿ ಸತ್ರ ಊರವರು ನಮ್ಮ ಗುಡಿಸಲಿಗೆ ಬೆಂಕಿ ಹಚ್ಚತಾರ."

ಎದ್ದೆ. ಮುದುಕಿ ಎದುರಿಗೇ ಕುಳಿತು, ನಾನು ಮೊದಲ ತುತ್ತು ನುಂಗಿದ ಮೇಲೆ ತಾನೂ ಮುರಿದಳು. "ನಾಚಬ್ಯಾಡೊ, ಹೊಟ್ಟಿತುಂಬ ಉಣ್ಣು" ಎಂದು ಮತ್ತೊಂದು ರೊಟ್ಟಿ ಹಾಕಿ, ಅದೇ ಬಾವಿಯ ನೀರು ಕೊಟ್ಟಳು. ತಂಪಾಗಿ, ಸಿಹಿಯಾಗಿತ್ತು.

ಕುಳಿತಲ್ಲಿಂದಲೇ ಬಾವಿ ಕಾಣುತ್ತಿತ್ತು. ಯಾರಾದರೂ ಸೇದಿ ಸುರಿದಾರೆಂದು ಯಲ್ಲವ್ವ ಖಾಲಿ ಕೊಡ ಹಿಡಿದು ದೂರದಲ್ಲಿ ಕಾಯುತ್ತಿದ್ದಳು. ಆಕೆ ನಿಂತದ್ದು ಬಾಗಿಲಲ್ಲಿ ಅಲ್ಲವಲ್ಲ. ನಮ್ಮಿಬ್ಬರ ಊಟ ಸಾಂಗವಾಗಿ ಮುಗಿಯಿತು.