ಕೇಬಲ್ ಇಜಾಜ್ ಮತ್ತು ಕಮಲಾಕ್ಷಮ್ಮನವರ ಜಮಖಾನ

ಮೊಬೈಲು, ಇಂಟರ್ನೆಟ್ಟು, ಬ್ರಾಡ್‌ಬ್ಯಾಂಡು ಅಂತ ಪತ್ರಿಕೆಗಳಿಗೆ ಬರೆದು ಬದುಕುವವನು ನಾನು. ಸಂಬಳವಿಲ್ಲ, ಬರೆದಷ್ಟು ಊಟ. ಮನೆ ಶಿರಾದಲ್ಲಿ. ‘ಸಣ್ಣ ಕೇಬಲ್‌ನವರ ಕಾಲ ಮುಗಿಯಿತು’ ಎಂದು ಬೇರೆ ಬೇರೆ ತಲೆಬರಹ ಕೊಟ್ಟು ಹಲವು ಸಲ ಬರೆದಿದ್ದೇನೆ. ಆ ಲೇಖನಗಳನ್ನೆಲ್ಲ ಕಳಿಸಿದ್ದು ಕೇಬಲ್ ಇಜಾಜ್ ಎಳೆದುಕೊಟ್ಟ ನೆಟ್‌ನಲ್ಲೇ. ಅವನೋ ಒಂದನ್ನೂ ಬಿಡದೆ ಓದುತ್ತಾನೆ.

“ಏನ್ ಪ್ರಭುದೇವಣ್ಣ, ಈ ತಿಂಗ್ಳೂ ನನ್ನ ಮಣ್ಣು ಮಾಡ್ಬುಟ್ಯಲ್ಲ!” ಎಂದು ಹಲ್ಲು ಕಿರಿಯುತ್ತಾನೆ.

ಮೀಸೆ ಚಿಗುರುವ ಹೊತ್ತಿಗೇ ಕೇಬಲ್ ಹಿಡಿದವನು ಇಜಾಜ್. ಹೆಂಡತಿ ಸಾದಿಯಾ ಫೋನಿನಲ್ಲಿ ದೂರು ಕೇಳಿಸಿಕೊಳ್ಳುತ್ತಾಳೆ, ಇವನು ಏಣಿ ಹೊತ್ತು ಓಡುತ್ತಾನೆ. ಅಷ್ಟೇ ಅವರ ಕಂಪನಿ.

ನಮ್ಮ ಬೀದಿಗೆ ಲೈನು ಬರಬೇಕಾದರೆ ಮೂಲೆ ಮನೆಯ ಕಮಲಾಕ್ಷಮ್ಮನವರ ತಾರಸಿ ದಾಟಲೇಬೇಕು. ಇಜಾಜ್ ಮೊದಲ ಸಲ ಕರಿ ವಯರು ಹೊತ್ತು ಹೋಗಿ ಕೇಳಿದಾಗ ಆಕೆ, “ಎಳ್ಕೊಳಪ್ಪ. ಆದ್ರೆ ಅದ್ರ ಮೇಲೆ ಬಟ್ಟೆ ಒಣಗಾಕ್ತೀನಿ, ಆಮೇಲೆ ಕುಯ್ಯೋ ಮರ್ರೋ ಅನ್ಬಾರ್ದು” ಅಂದಿದ್ದರು. “ಧಾರಾಳವಾಗಿ ಹಾಕಮ್ಮ” ಅಂದಿದ್ದ ಇವನು. ಆ ಕರಿ ವಯರು ಗಟ್ಟಿ ಪಿಂಡ. ಸೀರೆ, ಪಂಚೆ, ದುಪ್ಪಟಿಗಳನ್ನೆಲ್ಲ ಹೊತ್ತುಕೊಂಡೇ ವರ್ಷಗಟ್ಟಲೆ ಬೀದಿಗೆಲ್ಲ ಧಾರಾವಾಹಿ ತೋರಿಸಿತು.

ಈಚೆಗೆ ಅದನ್ನು ಬಿಚ್ಚಿ ಅದೇ ಜಾಗದಲ್ಲಿ ಗಾಜಿನೆಳೆಯ ತೆಳು ಫೈಬರ್ ಎಳೆದ. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಸೋಮವಾರ ಬೆಳಿಗ್ಗೆ ಬಂತೆಂದರೆ ನೆಟ್ ಮಾಯ! ಇಜಾಜ್ ಮನೆಮನೆಯ ಡಬ್ಬಿ ಬದಲಿಸಿ, ಕಂಬ ಕಂಬ ಹತ್ತಿ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಗಿ, ನೆಟ್ ತಾನಾಗಿಯೇ ಬಂದಿರುತ್ತಿತ್ತು. ಅದೇ ಸಮಯಕ್ಕೆ ದೊಡ್ಡ ಕಂಪನಿಯೊಂದು ಬೀದಿ ತುದಿಯಲ್ಲಿ ಛತ್ರಿ ನೆಟ್ಟು ಹೊಸ ಕನೆಕ್ಷನ್‌ಗೆ ಹೆಸರು ಬರೆದುಕೊಳ್ಳತೊಡಗಿತು. ರೋಸಿಹೋಗಿದ್ದ ಅರ್ಧ ಬೀದಿ ಅಲ್ಲಿ ಸಾಲು ನಿಂತಿತು.

“ಈ ಬೀದಿ ಹೋದ್ರೆ ಪಕ್ಕದ್ದೂ ಹೋಯ್ತದೆ ಕಣಣ್ಣ. ಈ ವಯಸ್ಸಲ್ಲಿ ಇನ್ಯಾವ ಕೆಲ್ಸ ಕಲೀಲಿ ನಾನು?” ಅಂದ ಇಜಾಜ್. ಕಾಲ ಮುಗಿಯಿತು ಅಂತ ಬರೆಯುವುದು ಸುಲಭ. ಮುಗಿಯುವವನು ಎದುರಿಗೆ ಕೂತು ಟೀ ಕುಡಿಯುತ್ತಿದ್ದರೆ ಕಷ್ಟ.

ಮುಂದಿನ ಸೋಮವಾರ ನೆಟ್ ಹೋದದ್ದೇ ತಡ, ಈ ಸಲ ಲೈನು ಬೀದಿಗೆ ಬರುವ ಕಡೆಯಿಂದಲೇ ಹುಡುಕೋಣ ಎಂದು ಇಬ್ಬರೂ ನೇರ ಮೂಲೆ ಮನೆಯ ತಾರಸಿ ಹತ್ತಿದೆವು. ಒದ್ದೆ ಜಮಖಾನ! ಬೀದಿಯ ಇಡೀ ಇಂಟರ್ನೆಟ್ಟಿನ ಮೇಲೆ ಕೂತು ತೊಟತೊಟ ನೀರು ಇಳಿಸುತ್ತಿತ್ತು. ಸೋಮವಾರ ಪೂಜೆಗೆ ಮುಂಚೆ ಹಾಸಿಗೆ ಬಟ್ಟೆಯೆಲ್ಲ ಒಗೆಯುವುದು ಆ ಮನೆಯ ಕಟ್ಟಳೆ. ಭಾರಕ್ಕೆ ಫೈಬರ್ ಜಗ್ಗಿ ಗೋಡೆಯಂಚಿನಲ್ಲಿ ಮಡಿಚಿಕೊಂಡಿತ್ತು. ಅದರೊಳಗೆ ಓಡುವುದು ಬೆಳಕು. ಮಡಿಚಿದರೆ ಅಲ್ಲೇ ಸೋರಿಹೋಗುತ್ತದೆ. ಬಟ್ಟೆ ಒಣಗಿ ಹಗುರಾದರೆ ಮತ್ತೆ ಸರಿ. ಅಲ್ಲಿ ಬಟ್ಟೆ ನೇತಾಡುವುದು ಇಜಾಜ್‌ಗೆ ಎಷ್ಟು ರೂಢಿಯಾಗಿತ್ತೆಂದರೆ ಅನುಮಾನವೇ ಬಂದಿರಲಿಲ್ಲ.

“ಈಗ ಹೆಂಗಣ್ಣ ಹೇಳೋದು? ನಾನೇ ಹಾಕಿ ಅಂದಿದ್ದು” ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಕಮಲಾಕ್ಷಮ್ಮ ಬಕೆಟ್ ಹಿಡಿದು ಮೇಲೆ ಬಂದರು. ವಿಷಯ ಕೇಳಿ ಕೆಂಡವಾದರು.

“ಲೇ ಇಜಾಜಾ, ವಯರು ಬದಲಾಯಿಸ್ದಾಗ ಒಂದ್ಮಾತು ಹೇಳಕ್ಕೆ ಏನು ದಾಡಿ ನಿಂಗೆ? ಹಗ್ಗ ಕಟ್ಕೊಡು, ಅದ್ರ ಮೇಲೆ ಹಾಕ್ತೀನಿ!”

ಇಜಾಜ್ ಹಗ್ಗ ಕಟ್ಟಿದ, ನೆಟ್ ಸರಿಹೋಯಿತು. ಆದರೆ ಹೋದವರು ಹೋಗಿಯಾಗಿತ್ತು. ಮರುದಿನವೇ ಕಂಪನಿಯ ಕೆಲಸಗಾರರು ಲೈನು ಎಳೆಯಲು ಅದೇ ತಾರಸಿಗೆ ಬಂದರು. ಪಕ್ಕದ ತಾರಸಿಯಿಂದ ನಾನು ನೋಡುತ್ತಿದ್ದೆ.

“ಎಳ್ಕೊಳ್ರಪ್ಪ. ಅದ್ರ ಮೇಲೆ ಬಟ್ಟೆ ಒಣಗಾಕ್ಬೋದಾ?” ಅಂದರು ಕಮಲಾಕ್ಷಮ್ಮ, ಏನೂ ಅರಿಯದವರ ಹಾಗೆ.

“ಅದಕ್ಕೇನಮ್ಮ, ಏನ್ ಬೇಕಾದ್ರೂ ಹಾಕಿ!” ಎಂದು ಅವರು ಕೆಲಸ ಮುಗಿಸಿ ಹೊರಟರು.

ಸೋಮವಾರ ಬಂತು. ಬದಲಾಯಿಸಿಕೊಂಡವರ ಮನೆಗಳಲ್ಲಿ ಮಾತ್ರ ನೆಟ್ ಮಾಯ. ಕಂಪನಿಯ ನಂಬರಿಗೆ ಫೋನ್ ಹಚ್ಚಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಬರೀ ಸಂಗೀತ. ಒಬ್ಬಿಬ್ಬರು ತಲೆ ಕೆರೆದುಕೊಳ್ಳುತ್ತ ಇಜಾಜ್ ಅಂಗಡಿ ಮುಂದೆ ನಿಂತರು. ಅವನಿಗೆ ಏನೋ ಹೊಳೆದು ತಾರಸಿಗೆ ಓಡಿದ, ಹಿಂದೆಯೇ ನಾನು. ಅವನು ಕಟ್ಟಿದ ಹಗ್ಗ ಖಾಲಿ. ಹೊಸ ಫೈಬರ್ ಮೇಲೆ ಜಮಖಾನ, ಪಕ್ಕದಲ್ಲಿ ಎರಡು ಕಂಬಳಿ!

“ಯಾ ಅಲ್ಲಾ! ಅಮ್ಮ, ಈ ಕಡೆ ಹಾಕ್ಬುಡಿ. ಪಾಪ, ಅವರೂ ನನ್ನಂಗೆ ಏಣಿ ಹತ್ತೋ ಜನ” ಅಂದ ಇಜಾಜ್.

ಕಮಲಾಕ್ಷಮ್ಮ ಕಂಬಳಿಯ ಸುಕ್ಕು ಬಿಡಿಸುತ್ತ, “ತೆಗಿಯಲ್ಲ ಅಂದ್ನಾ ನಾನು? ಕೇಳೇ ಹಾಕಿರದು. ನಿನ್ನಂಗೆ ಮೇಲೆ ಬಂದು ಏನಾಗೈತೆ ಅಂತ ನೋಡ್ಲಿ, ಆವಾಗ್ಲೇ ತೆಗಿತೀನಿ” ಅಂದರು.

ಸೋಮವಾರ ಸೋಮವಾರ ಇದೇ ನಡೆದು, ಈಗ ಬೀದಿ ಪೂರ್ತಿ ಇಜಾಜ್ ಕೈಗೆ ವಾಪಸ್ ಬಂದಿದೆ. ಕಂಪನಿಯ ಕಡೆಯಿಂದ ಇವತ್ತಿನವರೆಗೂ ಒಬ್ಬರೂ ಮೇಲೆ ಹತ್ತಿ ಬಂದಿಲ್ಲ.